ಕಾಳಿಯ ಜೊತೆ ಮೂರು ದಿನ: ಚಿಕ್ಕಮಗಳೂರಿನ ಕಡೆಗೆ ಯಾವ ದಾರಿ ಹಿಡಿಯಲಿ?

ಹಳೇಹಾದಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೆಯ ವಾರ ನನಗೂ ನನ್ನ ಗೆಳತಿಗೂ ಮೂರು ದಿನ ರಜೆ ಕೂಡಿಬಂದಿದೆ. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಮಳೆಗಾಲದ ಒಂದು ಸಂಜೆ ಚರಂಡಿಯ ಪಕ್ಕ ನಡುಗುತ್ತಿದ್ದ ನಾಯಿಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದವಳು ಅವಳು. ಆಮೇಲೆ ಅವಳು ಮದುವೆಯಾಗಿ ಹುಬ್ಬಳ್ಳಿಗೆ ಹೋದಳು, ಮರಿ ನನ್ನ ಬಳಿ ಉಳಿಯಿತು. ಅದೇ ಕಾಳಿ. ಕಪ್ಪು ಮೈ, ಎದೆಯ ಮೇಲೊಂದು ಬಿಳಿ ಚುಕ್ಕೆ. ಈಗ ಒಂಬತ್ತು ತುಂಬಿದೆ, ಹಿಂಗಾಲಿನ ಕೀಲು ಹಿಡಿದುಕೊಳ್ಳುತ್ತದೆ. ಇಬ್ಬರೂ ಸೇರಿ ಅವಳನ್ನು ಒಮ್ಮೆ ಹಸಿರು ಕಡೆ ಕರೆದುಕೊಂಡು ಹೋಗಬೇಕೆಂಬುದು ಹಳೆಯ ಆಸೆ. ಇನ್ನು ಎರಡು ಮೂರು ವರ್ಷ ಕಳೆದರೆ ಕಾಳಿಗೆ ಆಗದು.

ನಮ್ಮ ಯೋಜನೆ ಹೀಗಿದೆ. ಗೆಳತಿ ಹಿಂದಿನ ರಾತ್ರಿ ಬೆಂಗಳೂರಿಗೆ ಬರುತ್ತಾಳೆ. ಮೊದಲ ದಿನ ಹಾಸನ, ಸಕಲೇಶಪುರ, ಮೂಡಿಗೆರೆ. ಎರಡನೆಯ ದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ನೋಡಿ ಹಿಂದಿರುಗಿ ಕಳಸ, ಹೊರನಾಡು. ಮೂರನೆಯ ದಿನ ಕುದುರೆಮುಖದ ರಸ್ತೆಯಲ್ಲಿ ಕಾರ್ಕಳಕ್ಕೆ ಇಳಿದು ಬೆಂಗಳೂರಿಗೆ ವಾಪಸ್. ನಮ್ಮದು ಚಿಕ್ಕ ಕಾರು. ನಾಯಿಯೊಂದಿಗೆ ಈ ಕಡೆ ಓಡಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ತೋಟದಮನೆ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ತೋಟ. ನೇರವಾಗಿ ಹೇಳುತ್ತೇನೆ ತಂಗಿ, ಬೇಸರಪಟ್ಟುಕೊಳ್ಳಬೇಡಿ. ಈ ಯೋಜನೆಯಲ್ಲಿ ಮೂರು ದಿನವೂ ಕಾಳಿ ತಿರುವುಗಳಲ್ಲೇ ಇರುತ್ತಾಳೆ. ಕೀಲು ನೋವಿರುವ ನಾಯಿ ಪ್ರತಿ ತಿರುವಿಗೂ ಕಾಲು ಬಿಗಿಹಿಡಿದು ನಿಲ್ಲುತ್ತದೆ. ಘಾಟಿ ಇಳಿದು ಹತ್ತಿದ ಮೇಲೆ ಅದಕ್ಕೆ ಏಳಲೂ ಆಗುವುದಿಲ್ಲ. ಎರಡನೆಯ ದಿನ ನೀವು ಬರೆದಷ್ಟು ದೂರ ಹೋದರೆ ಅವಳು ನೆಲದ ಮೇಲೆ ಕಳೆಯುವುದು ಹೆಚ್ಚೆಂದರೆ ಒಂದು ಗಂಟೆ.

ಡಿಸೆಂಬರ್ ಎಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲು. ಕಣದ ತುಂಬ ಹಣ್ಣು ಹರಡಿರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸಿಹಿ, ನಾಯಿಗಳು ಅದನ್ನು ನೆಕ್ಕುತ್ತವೆ, ಕೆಲವು ನುಂಗುತ್ತವೆ. ಒಳಗಿನ ಕೆಫೀನ್ ಅವುಗಳಿಗೆ ವಿಷ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಹರಿಯುವ ನೀರನ್ನೂ ಕುಡಿಯಲು ಬಿಡಬಾರದು.

ಇನ್ನೊಂದು ಸಂಗತಿ ನಾವು ತೋಟದವರು ಹೊರಗಿನವರಿಗೆ ಸುಲಭವಾಗಿ ಹೇಳುವುದಿಲ್ಲ. ಕಾಡುಹಂದಿಗೆಂದು ಕೆಲವರು ಉರುಳು ಹಾಕುತ್ತಾರೆ, ಮಾಂಸದ ವಾಸನೆ ಹಚ್ಚಿದ ಸಿಡಿಮದ್ದಿನ ಉಂಡೆ ಇಡುತ್ತಾರೆ. ಕಾನೂನು ಬಾಹಿರ, ಆದರೂ ನಿಂತಿಲ್ಲ. ಅದನ್ನು ಹಂದಿಗಿಂತ ಮೊದಲು ಕಚ್ಚುವುದು ಊರ ನಾಯಿ. ನಮ್ಮ ಪಕ್ಕದ ತೋಟದ ನಾಯಿ ಹಾಗೆಯೇ ಹೋಯಿತು. ಆದ್ದರಿಂದ ಬೇಲಿ ದಾಟಿ ಕಾಳಿಯನ್ನು ಬಿಡಬೇಡಿ, ಹಗ್ಗವಿಲ್ಲದೆ ಎಲ್ಲಿಯೂ ಬಿಡಬೇಡಿ.

ರಾತ್ರಿ ಎಲ್ಲಿ ತಂಗಿದರೂ ನಾಯಿ ಮನೆಯೊಳಗೆ, ಬಾಗಿಲು ಹಾಕಿದ ಕೋಣೆಯಲ್ಲಿ ಇರಬೇಕು. ಜಗುಲಿಯೂ ಬೇಡ. ಚಿರತೆಗೆ ಕಟ್ಟಿಹಾಕಿದ ನಾಯಿಯಷ್ಟು ಸುಲಭದ ತುತ್ತು ಬೇರೆ ಇಲ್ಲ. ನಮ್ಮ ರಾಜನನ್ನು ಜಗುಲಿಯಿಂದಲೇ ಎತ್ತಿಕೊಂಡು ಹೋಯಿತು. ನಾವು ಒಳಗೆ ಊಟ ಮಾಡುತ್ತಿದ್ದೆವು, ಒಂದು ಸದ್ದೂ ಕೇಳಿಸಲಿಲ್ಲ. ಬೆಳಿಗ್ಗೆ ಸರಪಳಿ ಮಾತ್ರ ಇತ್ತು.

ದನದ ಡಾಕ್ಟರು

ಪಶುವೈದ್ಯೆಯಾಗಿ ನಾಲ್ಕು ಮಾತು. ಹೊರಡುವ ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ. ನೀರು ತಪ್ಪಿಸಬೇಡಿ. ವಾಂತಿಗೆ ಮೊದಲು ನಾಯಿ ಜೊಲ್ಲು ಸುರಿಸುತ್ತದೆ, ಮತ್ತೆ ಮತ್ತೆ ಆಕಳಿಸುತ್ತದೆ. ಅದು ಕಂಡ ತಕ್ಷಣ ಗಾಡಿ ನಿಲ್ಲಿಸಿ ಇಳಿಸಿ. ಕೊರಳಪಟ್ಟಿಗೆ ಹಗ್ಗ ಕಟ್ಟಿ ಸೀಟಿಗೆ ಬಿಗಿಯಬೇಡಿ. ದಿಢೀರ್ ಬ್ರೇಕ್ ಹಾಕಿದರೆ ಕುತ್ತಿಗೆ ಮುರಿಯುತ್ತದೆ. ಎದೆಗೆ ಹಾಕುವ ಪಟ್ಟಿ ಸಿಗುತ್ತದೆ, ಅದನ್ನು ಸೀಟ್ ಬೆಲ್ಟಿಗೆ ಸೇರಿಸಿ. ಸೀಟಿನ ಮೇಲೆ ಮೊದಲು ಗೋಣಿಚೀಲ, ಅದರ ಮೇಲೆ ದಪ್ಪ ಕಂಬಳಿ ಹಾಸಿದರೆ ಹಿಂಗಾಲು ಜಾರುವುದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಲು ಬಿಡಬೇಡಿ. ಧೂಳು, ಹುಳು ಕಣ್ಣಿಗೆ ಬಡಿದು ಗಾಯವಾದ ನಾಯಿಗಳನ್ನು ನಾನು ಪ್ರತಿ ಬೇಸಿಗೆ ನೋಡುತ್ತೇನೆ.

ಡಿಸೆಂಬರ್ ತಂಪು ಎಂದು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗುವವರಿದ್ದಾರೆ. ಹೊರಗೆ 24 ಡಿಗ್ರಿ ಇದ್ದರೆ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 34 ಆಗುತ್ತದೆ, ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಅದರ ದಾರಿ. ನೀವು ಇಬ್ಬರಿರುವುದರಿಂದ ಒಬ್ಬರು ಸದಾ ಅವಳ ಜೊತೆ ಇರಬಹುದು.

ಕೀಲು ನೋವಿಗೆ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಖಂಡಿತ ಕೊಡಬೇಡಿ. ನಿಮ್ಮ ವೈದ್ಯರು ಬರೆದದ್ದನ್ನು ಮಾತ್ರ ಒಯ್ಯಿರಿ. ರೇಬೀಸ್ ಮತ್ತು ಇಲಿಜ್ವರದ ಲಸಿಕೆ ಬಾಕಿ ಇದ್ದರೆ ಈಗಲೇ ಹಾಕಿಸಿ. ಗದ್ದೆಯ ನಿಂತ ನೀರು ಇಲಿಜ್ವರದ ತವರು.

ಕೊನೆಯದು ಉಣ್ಣೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಹರಡುವುದು ಉಣ್ಣೆಯಿಂದ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಕಾಣಿಸಿಕೊಂಡಿದೆ, ಅದರ ಕಾಲ ಶುರುವಾಗುವುದು ಡಿಸೆಂಬರಿನ ಹೊತ್ತಿಗೇ. ಕಾಡಂಚಿನ ತರಗೆಲೆಯಲ್ಲಿ ನಾಯಿ ಹೊರಳಿದರೆ ಉಣ್ಣೆ ನಿಮ್ಮ ಹಾಸಿಗೆಗೇ ಬರುತ್ತದೆ. ಪ್ರತಿ ಸಂಜೆ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡಿ. ಬರಿಗೈಯಲ್ಲಿ ಹಿಸುಕಬೇಡಿ.

ಕೆನ್ನಾಯಿ

ಕುದುರೆಮುಖ ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಅದು 1987ರಿಂದ ರಾಷ್ಟ್ರೀಯ ಉದ್ಯಾನ. ರಸ್ತೆಯಲ್ಲಿ ವಾಹನ ಹೋಗಬಹುದು, ಆದರೆ ತನಿಖಾ ಠಾಣೆಯಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ನಡುವೆ ನಿಂತು ಇಳಿಯುವಂತಿಲ್ಲ. ಹಾಗಿರುವಾಗ ಕಾಳಿಗೆ ಆ ದಾರಿಯಲ್ಲಿ ಏನು ಸಿಗುತ್ತದೆ?

ಚಿಂಟುವಿನ ಅಮ್ಮ

ಎಲ್ಲರೂ ಇಷ್ಟು ಹೆದರಿಸುವುದೇಕೆ? ನಾವು ನಮ್ಮ ಚಿಂಟುವನ್ನು ಆ ದಾರಿಯಲ್ಲಿ ಎರಡು ಸಲ ಕರೆದುಕೊಂಡು ಹೋಗಿದ್ದೇವೆ. ತೊರೆಯ ಪಕ್ಕ ಹತ್ತು ನಿಮಿಷ ಇಳಿಸಿದೆವು, ನೀರು ಕುಡಿಯಿತು, ಯಾರಿಗೂ ಏನೂ ಆಗಲಿಲ್ಲ. ನಾಯಿಯೂ ಪ್ರಾಣಿಯೇ ಅಲ್ಲವೇ, ಕಾಡಿಗೆ ಅದರಿಂದ ಏನು ಕೇಡು?

ಕೆನ್ನಾಯಿ

ಅಕ್ಕ, ನಿಮ್ಮ ಚಿಂಟುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಮನೆಯಲ್ಲಿಯೂ ಎರಡು ಬೀದಿನಾಯಿಗಳಿವೆ. ಆದರೆ ಕೇಡು ಕಣ್ಣಿಗೆ ಕಾಣುವಂಥದ್ದಲ್ಲ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಸತ್ತ ಸಿಂಹಗಳಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್, ನಮ್ಮ ಸಾಕುನಾಯಿಗಳಲ್ಲಿ ಇರುವ ಅದೇ ರೋಗ. ಕುದುರೆಮುಖದ ಕಾಡಿನಲ್ಲಿ ಕೆನ್ನಾಯಿಗಳಿವೆ, ಅವು ನಮ್ಮ ನಾಯಿಗಳ ಹತ್ತಿರದ ಬಳಗ. ಸಾಕುನಾಯಿಯ ರೋಗ ಅವುಗಳಿಗೆ ಹತ್ತಿದರೆ ಇಡೀ ಹಿಂಡು ಅಳಿಯಬಹುದು. ಲಸಿಕೆ ಹಾಕಿದ ನಾಯಿಯಿಂದ ಅಪಾಯ ಕಡಿಮೆ, ನಿಜ. ಆದರೆ ಆ ತೊರೆಯ ಪಕ್ಕ ಇಳಿಯುವ ನೂರು ನಾಯಿಗಳಲ್ಲಿ ಎಷ್ಟಕ್ಕೆ ಲಸಿಕೆ ಆಗಿರುತ್ತದೆ?

ಗಣಿಗಾರಿಕೆ ನಿಲ್ಲಿಸಬೇಕೆಂದು ವರ್ಷಗಟ್ಟಲೆ ಜನ ಹೋರಾಡಿ, ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಅಲ್ಲಿ ಅದಿರು ತೆಗೆಯುವುದು ನಿಂತಿತು. ಅಷ್ಟು ಕಷ್ಟದಿಂದ ಉಳಿದ ಕಾಡು ಅದು. ನಮ್ಮ ಹತ್ತು ನಿಮಿಷದ ಸಂತೋಷವನ್ನು ಬೇರೆ ಕಡೆ ಹುಡುಕಿಕೊಳ್ಳೋಣ.

ಆನೆಯ ಮಾತನ್ನೂ ಹೇಳಿಬಿಡುತ್ತೇನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಸುತ್ತ ಆನೆಗಳು ತೋಟಗಳಲ್ಲೇ ಇವೆ. ನಾಯಿ ಬೊಗಳುತ್ತಾ ಆನೆಯನ್ನು ಕೆಣಕುತ್ತದೆ, ಆನೆ ತಿರುಗಿಬಿದ್ದರೆ ನೇರ ಒಡೆಯನ ಕಾಲ ಬಳಿಗೆ ಓಡಿಬರುತ್ತದೆ. ಹಿಂದೆಯೇ ಆನೆಯೂ.

ಚಿಂಟುವಿನ ಅಮ್ಮ

ಸಿಂಹದ ವಿಷಯ ನನಗೆ ತಿಳಿದಿರಲಿಲ್ಲ. ಇನ್ನು ಮುಂದೆ ಅಲ್ಲಿ ಇಳಿಸುವುದಿಲ್ಲ. ಆದರೆ ನಾಯಿ ಸಾಕಿದವರು ಹೋಗಬಹುದಾದ ಜಾಗ ಯಾವುದೆಂದು ಯಾರಾದರೂ ಹೇಳಿ. ಎಲ್ಲ ಕಡೆ ‘ಬೇಡ’ ಎಂದೇ ಕೇಳಿ ಕೇಳಿ ಸಾಕಾಗಿದೆ.

ಬಾಣಾವರದವನು

ಅಕ್ಕನ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ. ಮಲೆನಾಡು ಎಂದು ಎಲ್ಲರೂ ಘಟ್ಟದ ತುದಿಗೇ ಓಡುತ್ತಾರೆ. ಬಯಲು ಮುಗಿದು ಮಲೆ ಶುರುವಾಗುವ ಸೆರಗನ್ನು ಯಾರೂ ನೋಡುವುದಿಲ್ಲ. ಅಲ್ಲಿ ರಸ್ತೆ ನೇರ, ಕೆರೆಗಳಿವೆ, ಅರಳಿಕಟ್ಟೆಗಳಿವೆ, ಹಾಳು ಬಿದ್ದ ಹೊಲಗಳಿವೆ. ನಾಯಿಗೆ ಬೇಕಾದದ್ದು ಇವೇ ಅಲ್ಲವೇ?

ಬೆಂಗಳೂರಿನಿಂದ ತುಮಕೂರು, ಅಲ್ಲಿಂದ ಹೆದ್ದಾರಿ 73 ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್. ಇನ್ನು ನಿಮ್ಮ ಗೆಳತಿ ಬೆಂಗಳೂರಿಗೆ ಬರುವುದೇ ಬೇಡ! ಹುಬ್ಬಳ್ಳಿಯ ರೈಲು ಅರಸೀಕೆರೆಯ ಮೇಲೆಯೇ ಬರುತ್ತದೆ. ಅಲ್ಲಿ ಇಳಿದರೆ ನೀವು ಹತ್ತಿಸಿಕೊಳ್ಳಬಹುದು, ಹೋಗುವಾಗ ಬೀರೂರಿನಲ್ಲಿ ಬಿಡಬಹುದು. ಜಾವಗಲ್ಲಿನಿಂದ ಬೆಳವಾಡಿಯ ಮೇಲೆ ಚಿಕ್ಕಮಗಳೂರು. ಮರುದಿನ ಕಡೂರಿನ ರಸ್ತೆಯಲ್ಲಿ ಸಖರಾಯಪಟ್ಟಣ, ಅಲ್ಲಿಂದ ಒಳಗೆ ಅಯ್ಯನಕೆರೆ. ಘಾಟಿ ಒಂದೂ ಇಲ್ಲ.

ಒಂದು ಎಚ್ಚರಿಕೆ. ಈ ಕಾಲದಲ್ಲಿ ನಮ್ಮ ಕಡೆ ರಾಗಿ, ಹುರುಳಿ ಕೊಯ್ಲು. ಕಣವಿಲ್ಲದವರು ರಸ್ತೆಯ ಮೇಲೆಯೇ ಹುರುಳಿ ಹರಡುತ್ತಾರೆ. ಅದು ತಪ್ಪು, ಆದರೆ ಕೂಲಿ ಆಳು ಸಿಗದ ರೈತನ ಕಷ್ಟವೂ ನನಗೆ ಗೊತ್ತು. ಆ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡು ಕಾರುಗಳು ಸುಟ್ಟುಹೋಗಿವೆ. ಹಾದುಹೋಗಲೇಬೇಕಾದರೆ ದಾಟಿದ ಕೂಡಲೇ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಿತ್ತುಹಾಕಿ. ಹಿಂದೆ ನಾಯಿಯನ್ನು ಕಟ್ಟಿ ಕೂರಿಸಿರುವಾಗ ಈ ಮಾತು ಮರೆಯಬೇಡಿ.

ಕಲ್ಲುಬರಹ

ದಾರಿಯ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಹೆಸರಿನ ಬಗ್ಗೆ ಇದೆ. ನಿಮ್ಮ ನಾಯಿಗೆ ಕಾಳಿ ಎಂದು ಹೆಸರಿಟ್ಟಾಗ ಆತಕೂರಿನ ಕಾಳಿಯ ನೆನಪಿತ್ತೇ?

ಆತಕೂರು ಎಂದರೆ ಮದ್ದೂರು ತಾಲ್ಲೂಕಿನ ಇಂದಿನ ಆತಗೂರು. ಅಲ್ಲಿ ಸಿಕ್ಕ ವೀರಗಲ್ಲಿನಲ್ಲಿ ಅವಳ ಕಥೆಯಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಮಡಿದ. ಕೃಷ್ಣನ ಪರ ನಿಂತಿದ್ದ ಗಂಗರ ಬೂತುಗನ ಸೇವಕ ಮಣಲೇರ ಎಂಬವನು ಆ ಯುದ್ಧದಲ್ಲಿ ಪರಾಕ್ರಮ ತೋರಿದ. ಏನು ಬೇಕು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಬಳಿ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದಳು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅವಳ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ (ಶಿವನ ಪೂಜಾರಿ) ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ.

ಒಂದು ಸಾಮ್ರಾಜ್ಯದ ದೊಡ್ಡ ಯುದ್ಧದ ವಿವರ ನಮಗೆ ಸಿಕ್ಕಿದ್ದು ಒಂದು ನಾಯಿಯ ಕಲ್ಲಿನಿಂದ. ಈ ಶಾಸನ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಹಳೇಹಾದಿ

ಕಲ್ಲುಬರಹ ಅವರೇ, ಗೊತ್ತಿರಲಿಲ್ಲ. ಕಪ್ಪಗಿದ್ದಳು ಎಂದು ಕಾಳಿ ಎಂದೆವು, ಅಷ್ಟೇ. ನಿಮ್ಮ ಬರಹವನ್ನು ಗೆಳತಿಗೆ ಕಳಿಸಿದೆ. ಅವಳು ಫೋನ್ ಮಾಡಿ ಬಹಳ ಹೊತ್ತು ಮಾತಾಡದೆ ಸುಮ್ಮನಿದ್ದಳು.

ಯೋಜನೆ ಬದಲಾಯಿತು. ಘಾಟಿ, ಜಲಪಾತ, ಕುದುರೆಮುಖ ಎಲ್ಲವನ್ನೂ ಕೈಬಿಟ್ಟಿದ್ದೇವೆ. ಬಾಣಾವರದ ಅಣ್ಣ ಹೇಳಿದ ದಾರಿಯಲ್ಲೇ ಹೋಗುತ್ತೇವೆ. ಬಂದ ಮೇಲೆ ಬರೆಯುತ್ತೇನೆ.

ಹಳೇಹಾದಿ

ಬಂದೆವು. ಮೂವರೂ ಕ್ಷೇಮ. ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಬೆಳಗಿನ ಐದು ಗಂಟೆಗೆ ಬೆಂಗಳೂರು ಬಿಟ್ಟೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಕಾಳಿಗೂ ಚಟ್ನಿ ಸೋಕದ ಒಂದು ತುಂಡು. ಗುಬ್ಬಿ ದಾಟುವಾಗ ಬೆಳಕು ಹರಿಯಿತು. ತಿಪಟೂರಿನ ಸುತ್ತ ರಸ್ತೆಯ ಎರಡೂ ಕಡೆ ತೆಂಗು. ಒಂದು ತೋಟದ ಮನೆಯ ಮುಂದೆ ನಿಲ್ಲಿಸಿ ಕಾಳಿಗೆ ನೀರು ಕೇಳಿದೆ. ಅಲ್ಲಿದ್ದ ಅಜ್ಜಿ ನೀರಿನ ಜೊತೆ ಅಟ್ಟದ ಮೇಲಿನ ಕಾಯಿ ರಾಶಿಯನ್ನೂ ತೋರಿಸಿದರು. ತಿಂಗಳುಗಟ್ಟಲೆ ಅಲ್ಲಿಯೇ ಬಿಟ್ಟರೆ ನೀರು ಇಂಗಿ ಒಳಗೆ ಉಂಡೆ ಕೊಬ್ಬರಿ ತಾನಾಗಿ ಬಿಟ್ಟುಕೊಳ್ಳುತ್ತದಂತೆ. ಅಲುಗಿಸಿ ಸದ್ದು ಕೇಳಿಸಿದರು. ಆ ಸದ್ದಿಗೆ ಕಾಳಿ ಕಿವಿ ನೆಟ್ಟಗೆ ಮಾಡಿ ತಲೆ ಓರೆ ಮಾಡಿದಳು. ಬಹಳ ದಿನದಿಂದ ಅವಳು ಹಾಗೆ ಮಾಡಿರಲಿಲ್ಲ.

ಅರಸೀಕೆರೆ ನಿಲ್ದಾಣದ ಹೊರಗೆ ಗೆಳತಿ ಕಾಯುತ್ತಿದ್ದಳು. ಅವಳು ಕಾಳಿಯನ್ನು ನೋಡಿ ಎರಡೂವರೆ ವರ್ಷ ಆಗಿತ್ತು. ನಾನು ಹೆಸರು ಹಿಡಿದು ಕರೆಯಬೇಡ, ಗುರುತು ಹಿಡಿಯುತ್ತಾಳೋ ನೋಡೋಣ ಎಂದಿದ್ದೆ. ಕಾಳಿ ಕಾರಿನಿಂದ ಇಳಿದು, ನೆಲ ಮೂಸಿ, ಒಮ್ಮೆ ತಲೆ ಎತ್ತಿ ನಿಂತಳು. ಆಮೇಲೆ ಹಿಂಗಾಲು ಎಳೆದುಕೊಂಡೇ ಓಡಿದಳು. ಗೆಳತಿ ಆಟೋ ನಿಲ್ದಾಣದ ಧೂಳಿನಲ್ಲಿಯೇ ಕುಳಿತುಬಿಟ್ಟಳು. ಅಲ್ಲಿದ್ದ ಆಟೋ ಚಾಲಕರೊಬ್ಬರು ನಮ್ಮ ಚೀಲವನ್ನು ತಾವೇ ಎತ್ತಿ ಕಾರಿನಲ್ಲಿಟ್ಟರು.

ಹಾರನಹಳ್ಳಿಯ ಹೊಯ್ಸಳ ದೇವಾಲಯವನ್ನು ಸರದಿಯಲ್ಲಿ ನೋಡಿದೆವು. ಒಬ್ಬರು ಒಳಗೆ, ಒಬ್ಬರು ಕಾಳಿಯ ಜೊತೆ ಬೇವಿನ ನೆರಳಿನಲ್ಲಿ. ಹೀಗೆ ನೋಡುವುದರಲ್ಲಿ ಒಂದು ಸುಖವಿದೆ. ಒಳಗೆ ಹೋದವರು ಅವಸರವಿಲ್ಲದೆ ಒಂಟಿಯಾಗಿ ನೋಡುತ್ತಾರೆ, ಹೊರಗೆ ಕುಳಿತವರಿಗೆ ಊರು ಕಾಣುತ್ತದೆ. ನಾನು ಕುಳಿತಿದ್ದಾಗ ಶಾಲೆ ಬಿಟ್ಟ ಮಕ್ಕಳು ಬಂದು ಕಾಳಿಯ ವಯಸ್ಸು, ಊರು, ಏನು ತಿನ್ನುತ್ತಾಳೆ ಎಂದೆಲ್ಲ ವಿಚಾರಿಸಿದರು. ಒಬ್ಬ ಹುಡುಗ ‘ಕಾಲು ನೋವಿಗೆ ಬಿಸಿ ಉಪ್ಪಿನ ಶಾಖ ಕೊಡಿ’ ಎಂದ. ಬೆಳವಾಡಿಯಲ್ಲಿಯೂ ಹೀಗೆಯೇ ಸರದಿ. ಮೂರು ಗರ್ಭಗುಡಿಗಳ ಆ ವೀರನಾರಾಯಣ ದೇವಾಲಯದ ಹೊಳೆಯುವ ಕಂಬಗಳ ನಡುವೆ ಗೆಳತಿ ಮುಕ್ಕಾಲು ಗಂಟೆ ಇದ್ದಳು.

ಹುರುಳಿಯ ಮಾತು ಅಕ್ಷರಶಃ ನಿಜವಾಯಿತು. ಬಾಣಾವರ ದಾಟಿದ ಮೇಲೆ ಒಂದು ಕಡೆ ರಸ್ತೆಯ ಪೂರ್ತಿ ಅಗಲಕ್ಕೆ ಹರಡಿದ್ದರು. ದಾಟಿ ನಿಲ್ಲಿಸಿ ಬಗ್ಗಿ ನೋಡಿದರೆ ಎರಡು ಹಿಡಿ ಬಳ್ಳಿ ಮುಂಚಕ್ರದ ಒಳಗೆ ಹುರಿಗೊಂಡಿತ್ತು. ಕೀಳಲು ಕಾಲು ಗಂಟೆ ಬೇಕಾಯಿತು. ಅಣ್ಣ, ನಿಮಗೆ ನಾನು ಋಣಿ.

ರಾತ್ರಿಯ ಕಥೆ ಅಷ್ಟು ಚೆನ್ನಾಗಿಲ್ಲ. ಚಿಕ್ಕಮಗಳೂರಿನ ಹೊರಗೆ ಒಂದು ತೋಟದ ವಸತಿಯನ್ನು ಮುಂಗಡ ಕೊಟ್ಟು ಕಾದಿರಿಸಿದ್ದೆ. ನಾಯಿ ಇದೆ ಎಂದು ಫೋನಿನಲ್ಲಿ ಎರಡು ಸಲ ಹೇಳಿ ಒಪ್ಪಿಗೆ ಪಡೆದಿದ್ದೆ. ಹೋದ ಮೇಲೆ ‘ನಾಯಿಯನ್ನು ಕೋಣೆಗೆ ಬಿಡುವುದಿಲ್ಲ, ಹಿಂದೆ ಶೆಡ್ಡಿನಲ್ಲಿ ಕಟ್ಟಿ’ ಎಂದರು. ಶೆಡ್ ಇದ್ದದ್ದು ತೋಟದ ಅಂಚಿನಲ್ಲಿ, ಮೂರು ಕಡೆ ಗೋಡೆಯೇ ಇಲ್ಲ. ತೋಟದಮನೆ ಅವರು ಬರೆದ ಸರಪಳಿ ನನ್ನ ಕಣ್ಣ ಮುಂದೆ ಬಂತು. ಮುಂಗಡ ವಾಪಸ್ ಕೊಡಲಿಲ್ಲ, ನಾವೂ ವಾದಕ್ಕೆ ನಿಲ್ಲಲಿಲ್ಲ. ಕತ್ತಲಲ್ಲಿ ಪಟ್ಟಣಕ್ಕೆ ಹಿಂದಿರುಗಿ ಮೂರು ವಸತಿಗೃಹ ಕೇಳಿದೆವು, ಮೂರರಲ್ಲಿಯೂ ಇಲ್ಲ. ಕೊನೆಗೆ ತೋಟದಮನೆ ಅವರಿಗೆ ಸಂದೇಶ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು. ಪಟ್ಟಣದಲ್ಲೇ ಇದ್ದ ತಮ್ಮ ಅಕ್ಕನ ಮನೆಗೆ ಕಳಿಸಿದರು. ಮುಖ ಪರಿಚಯವೂ ಇಲ್ಲದ ಆ ತಾಯಿ ರಾತ್ರಿ ಹತ್ತಕ್ಕೆ ಬಿಸಿನೀರು ಕಾಯಿಸಿ, ನಮಗೆ ಅಕ್ಕಿರೊಟ್ಟಿ ಬಡಿದುಕೊಟ್ಟು, ಕಾಳಿಗೆ ಅನ್ನ ಮೊಟ್ಟೆ ಕಲಸಿದರು. ನಡುಮನೆಯಲ್ಲಿ ನಮ್ಮಿಬ್ಬರ ಹಾಸಿಗೆಯ ನಡುವೆ ಕಾಳಿ ಮಲಗಿದಳು. ಬಾಡಿಗೆ ಮನೆಯ ಕಾಲದಲ್ಲಿಯೂ ಅವಳು ಹಾಗೆಯೇ ಮಲಗುತ್ತಿದ್ದಳು.

ಅಯ್ಯನಕೆರೆಯ ಬಗ್ಗೆ ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಏಳೂವರೆಗೆ ತಲುಪಿದೆವು. ಮಂಜು ನೀರಿನ ಮೇಲೆಯೇ ಕುಳಿತಿತ್ತು. ಎದುರಿನ ಶಕುನಗಿರಿಯ ಬುಡ ಕಾಣಿಸುತ್ತಿರಲಿಲ್ಲ, ನೆತ್ತಿ ಮಾತ್ರ ಕಾಣುತ್ತಿತ್ತು. ಕೆರೆಯೆಂದರೆ ಇಷ್ಟು ದೊಡ್ಡದಿರಬಹುದೆಂದು ನಾನು ಎಣಿಸಿರಲಿಲ್ಲ. ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾದ ಕೆರೆಯಂತೆ, ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಟ್ಟಿಸಿದನೆಂದು ಊರವರು ಹೇಳುತ್ತಾರೆ. ಏರಿಯ ಮೇಲೆ ಕಾಳಿಯನ್ನು ಉದ್ದ ಹಗ್ಗದಲ್ಲಿ ಬಿಟ್ಟೆವು. ಅವಳು ಹತ್ತು ಹೆಜ್ಜೆ ನಡೆದು ನಿಲ್ಲುತ್ತಾಳೆ, ಮೂಗು ಎತ್ತುತ್ತಾಳೆ, ಮತ್ತೆ ಹತ್ತು ಹೆಜ್ಜೆ. ನಾವೂ ನಿಲ್ಲುತ್ತೇವೆ. ಹಾಗೆ ನಿಂತಾಗಲೇ ಕಲ್ಲಿನ ಸಂದಿನಲ್ಲಿ ಮಿಂಚುಳ್ಳಿ ಕಂಡಿತು, ತೂಬಿನ ಬಳಿ ಬಲೆ ಬಿಡಿಸುತ್ತಿದ್ದ ಗಂಡ ಹೆಂಡತಿ ಕಂಡರು. ಸೂರ್ಯ ಮೇಲೆ ಬಂದಂತೆ ಮಂಜು ಒಂದೇ ಕಡೆಯಿಂದ ಮಡಚಿಕೊಂಡು ಹೋಯಿತು, ಬೆಟ್ಟ ಬುಡದವರೆಗೆ ನೀರಿನಲ್ಲಿ ಇಳಿಯಿತು. ಏರಿಯ ಉದ್ದ ಮುಗಿಸಲು ನಮಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಗೆಳತಿಯ ಮನೆಯಲ್ಲಿ ಈ ವರ್ಷ ಏನೇನಾಯಿತೆಂದು ಅವಳು ನನಗೆ ಹೇಳಿದ್ದು ಆ ಏರಿಯ ಮೇಲೆ. ಫೋನಿನಲ್ಲಿ ಹೇಳಲು ಅವಳಿಗೆ ಆಗಿರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಕಾಳಿ ನಡೆಯಲು ಮನಸ್ಸು ಮಾಡಲಿಲ್ಲ. ಮರದ ಕೆಳಗೆ ಕಂಬಳಿ ಹಾಸಿದೆವು, ಸಂಜೆಯವರೆಗೆ ಅಲ್ಲೇ ಇದ್ದೆವು. ಬೇರೆ ಏನನ್ನೂ ನೋಡಲಿಲ್ಲ. ರಾತ್ರಿ ಮತ್ತೆ ಅಕ್ಕನ ಮನೆಯಲ್ಲಿಯೇ. ಬೇರೆ ಕಡೆ ಹುಡುಕುತ್ತೇವೆ ಎಂದದ್ದಕ್ಕೆ ಅವರು ನಮ್ಮನ್ನು ಗದರಿದರು.

ಮೂರನೆಯ ದಿನ ಬೀರೂರಿನ ಕಡೆ ಹೋಗುವಾಗ ಕುರಿಮಂದೆ ಎದುರಾಯಿತು. ನೂರಾರು ಕುರಿ, ಕುದುರೆಯ ಮೇಲೆ ಹೇರಿದ ಗಂಟುಮೂಟೆ, ಅದರ ಮೇಲೆ ಬುಟ್ಟಿಯಲ್ಲಿ ಕುರಿಮರಿಗಳು, ಹಿಂದೆ ಮೂರು ನಾಯಿ. ಇಂಜಿನ್ ಆರಿಸಿ, ಗಾಜು ಏರಿಸಿ ಕುಳಿತೆವು. ಕಾಳಿ ಬೊಗಳಲಿಲ್ಲ. ಕುರಿನಾಯಿಯೊಂದು ಬಂದು ಬಾಗಿಲಿಗೆ ಮುಂಗಾಲು ಕೊಟ್ಟು ಒಳಗೆ ನೋಡಿತು. ಇಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ನಿಂತರು. ಮಂದೆಯ ಹಿರಿಯರು ಹತ್ತಿರ ಬಂದು, ‘ಇಳಿಸಬೇಡವ್ವ, ನಮ್ಮವು ಮಂದೆಯ ಹತ್ತಿರ ಬೇರೆ ನಾಯಿಯನ್ನು ಬಿಟ್ಟುಕೊಳ್ಳುವುದಿಲ್ಲ’ ಎಂದು ಹೇಳಿ, ಮಂದೆ ಪೂರ್ತಿ ದಾಟುವವರೆಗೂ ನಮ್ಮ ಕಾರಿನ ಪಕ್ಕವೇ ನಿಂತಿದ್ದರು.

ಬೀರೂರಿನಲ್ಲಿ ರೈಲು ಹೊರಟ ಮೇಲೆ ಕಾಳಿ ಪ್ಲಾಟ್‌ಫಾರಂ ಹೊರಗಿನ ಗೇಟಿನ ಬಳಿ ಬಹಳ ಹೊತ್ತು ಕುಳಿತಳು. ನಾನೂ ಕುಳಿತೆ. ಬೆಂಗಳೂರು ಸೇರುವಾಗ ರಾತ್ರಿ ಒಂಬತ್ತು.

ದನದ ಡಾಕ್ಟರು

ಓದಿ ತುಂಬಾ ಸಂತೋಷವಾಯಿತು. ಕಾಲು ಹೇಗಿದೆ? ಉಣ್ಣೆ ಸಿಕ್ಕಿತೇ? ಆ ಹುಡುಗ ಹೇಳಿದ ಶಾಖ ಕೊಡಬಹುದು, ಮೊದಲು ನಿಮ್ಮ ಕೈಯ ಮೇಲೆ ಇಟ್ಟು ಬಿಸಿ ನೋಡಿಕೊಳ್ಳಿ.

ಹಳೇಹಾದಿ

ಕೆರೆಯ ದಿನ ಸಂಜೆ ಎರಡು ಉಣ್ಣೆ ಸಿಕ್ಕವು, ಒಂದು ಕಿವಿಯಲ್ಲಿ, ಒಂದು ಬೆರಳ ಸಂದಿನಲ್ಲಿ. ಚಿಮಟದಿಂದ ತೆಗೆದೆ. ಕಾಲು ಮೊದಲಿನಂತೆಯೇ ಇದೆ, ಹೆಚ್ಚಾಗಿಲ್ಲ. ಶಾಖ ಕೊಡುತ್ತಿದ್ದೇನೆ, ಕಣ್ಣು ಮುಚ್ಚಿ ಮಲಗುತ್ತಾಳೆ.

ಬಾಣಾವರದವನು

ಆ ಕೆರೆಯ ಕಡೆಯ ನೀರು ವೇದಾವತಿಗೆ ಸೇರಿ, ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟೆಗೆ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ 2022ರಲ್ಲಿ ಬಿತ್ತು. ನಮ್ಮ ಕಡೆಯ ಹಿರಿಯರು ಅದನ್ನು ನೋಡಲು ಬಸ್ಸು ಮಾಡಿಕೊಂಡು ಹೋಗಿದ್ದರು. ಮುಂದಿನ ಸಲ ಆ ನೀರಿನ ಜಾಡು ಹಿಡಿದು ಬಯಲಿಗೆ ಇಳಿಯಿರಿ. ಅದೂ ನೇರ ರಸ್ತೆಯೇ. ಆದರೆ ಕಡೂರಿನ ಸುತ್ತ ಅಮೃತಮಹಲ್ ದನಗಳ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿವೆ, ಅಲ್ಲಿ ಕಾಳಿಯನ್ನು ಇಳಿಸಬೇಡಿ.

ಚಿಂಟುವಿನ ಅಮ್ಮ

ಸಂಕ್ರಾಂತಿಯ ರಜೆಗೆ ನಾವೂ ಅಯ್ಯನಕೆರೆಗೆ ಹೊರಟಿದ್ದೇವೆ. ಚಿಂಟುವಿಗೆ ಡಿಸ್ಟೆಂಪರ್ ಲಸಿಕೆ ಬಾಕಿ ಇತ್ತು, ನಿನ್ನೆ ಹಾಕಿಸಿದೆ.

ತೋಟದಮನೆ

ಅಕ್ಕ ಫೋನ್ ಮಾಡಿದಾಗಲೆಲ್ಲ ಕಾಳಿಯನ್ನೇ ವಿಚಾರಿಸುತ್ತಾಳೆ. ನೀವು ಬಿಟ್ಟುಹೋದ ಕಂಬಳಿ ಅವಳ ಬಳಿ ಇದೆ. ಒಗೆದು ಮಡಚಿಟ್ಟಿದ್ದಾಳೆ, ಕಳಿಸಲು ಮನಸ್ಸಿಲ್ಲ, ನೀವೇ ಬಂದು ತೆಗೆದುಕೊಂಡು ಹೋಗಬೇಕಂತೆ.

ಕಾಳಿಯ ಇನ್ನೊಬ್ಬಳು ಅಮ್ಮ

ನಾನು ಹುಬ್ಬಳ್ಳಿಯ ಗೆಳತಿ. ಇದನ್ನು ಬರೆಯಲೆಂದೇ ಇಲ್ಲಿ ಸೇರಿದೆ. ಎಲ್ಲರಿಗೂ ನಮಸ್ಕಾರ, ಚಿಕ್ಕಮಗಳೂರಿನ ಅಕ್ಕನಿಗೆ ವಿಶೇಷವಾಗಿ.

ಕಳೆದ ಭಾನುವಾರ ನನ್ನ ಗೆಳತಿ ಹಳೇಹಾದಿ ತನ್ನ ತಮ್ಮನನ್ನು ಕಬ್ಬನ್ ಪಾರ್ಕಿನಲ್ಲಿ ಕಾಳಿಯ ಜೊತೆ ಕೂರಿಸಿ, ತಾನು ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲಿನ ಚಿತ್ರ ಕಳಿಸಿದಳು. ಹಂದಿ ದೊಡ್ಡದಾಗಿದೆ, ನಾಯಿ ಅದರ ಮೇಲೆ ಎರಗಿದೆ, ಸುತ್ತಲೂ ಹಳಗನ್ನಡದ ಅಕ್ಷರ. ಕಲ್ಲುಬರಹ ಅವರೇ, ಆ ಚಿತ್ರದಲ್ಲಿ ‘ಕಾಳಿ’ ಎಂಬ ಎರಡು ಅಕ್ಷರ ಯಾವ ಸಾಲಿನಲ್ಲಿವೆ ಎಂದು ತೋರಿಸಿಕೊಡುತ್ತೀರಾ? ಯುಗಾದಿಗೆ ನಾನು ಬೆಂಗಳೂರಿಗೆ ಬರುತ್ತಿದ್ದೇನೆ. ಮೂವರೂ ಮದ್ದೂರಿನ ಮೇಲೆ ಆತಗೂರಿಗೆ ಹೋಗಬೇಕೆಂದಿದ್ದೇವೆ. ಅಲ್ಲಿ ನೆರಳಿರುವ, ನಾಯಿಯನ್ನು ಕೂರಿಸಬಹುದಾದ ಜಾಗ ಗೊತ್ತಿರುವವರು ತಿಳಿಸಿ.